ಕೇಳುವ ಕೋಣೆಯಲ್ಲಿ ಡಗ್ಗಾದ ಗುಂಯ್‌ಗುಡುವಿಕೆ: ದೋಷ ಕಂಪ್ಯೂಟರಿನದೇ?

ಪ್ರಶ್ನೆ:
4.6 ಮೀಟರ್ ಉದ್ದದ ನನ್ನ ಕೋಣೆಯಲ್ಲಿ ಹಿಂಗೋಡೆಗೆ ಒತ್ತಿಟ್ಟ ಸೋಫಾದಲ್ಲಿ ಕುಳಿತು ಕೇಳಿದರೆ ಡಗ್ಗಾದ (ತಬಲಾ ಜೋಡಿಯ ಮಂದ್ರ ನಾದದ ವಾದ್ಯ) ನಾದ ಗುಂಯ್‌ಗುಡುತ್ತದೆ. ಸಿಡಿಯಿಂದ ನಕಲಿಸಿದ ಕಡತಗಳನ್ನು ವಿಂಡೋಸ್ ಕಂಪ್ಯೂಟರಿನಿಂದ ನುಡಿಸುತ್ತೇನೆ. ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್ ಆಗಿಸುವ ಸಾಧನ) ಮಾತ್ರ ಸಿಡಿಯ ಸ್ಯಾಂಪಲ್ ದರವಾದ 44.1ರ ಬದಲು 48 ಕಿಲೋಹರ್ಟ್ಜ್ ತೋರಿಸುತ್ತದೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ:
ಸಂಬಂಧವಿಲ್ಲ. ಶಬ್ದದ ವೇಗವನ್ನು ಉದ್ದದ ಇಮ್ಮಡಿಯಿಂದ ಭಾಗಿಸಿದರೆ ನಿಮ್ಮ ಕೋಣೆಯ ಮೊದಲ ಅನುರಣನ (ಗೋಡೆಗಳ ನಡುವೆ ಧ್ವನಿ ತಾನಾಗಿ ಬಲಗೊಳ್ಳುವ ಆವರ್ತನ) ಸುಮಾರು 37 ಹರ್ಟ್ಜ್, ಎರಡನೆಯದು 75 ಹರ್ಟ್ಜ್. ಇವೆರಡರ ಒತ್ತಡವೂ ಗೋಡೆಯ ಬಳಿಯೇ ಗರಿಷ್ಠವಾಗಿರುವುದರಿಂದ, ನೀವು ಕುಳಿತಿರುವುದು ಅತ್ಯಂತ ಕೆಟ್ಟ ಜಾಗದಲ್ಲಿ. ಸೋಫಾವನ್ನು ಒಂದೂಮುಕ್ಕಾಲು ಮೀಟರಿನಷ್ಟು ಮುಂದಕ್ಕೆ ತನ್ನಿ (ಮನೆಯವರು ಒಪ್ಪಿದರೆ). ನಟ್ಟನಡುವೆ ಮಾತ್ರ ಬೇಡ, ಅಲ್ಲಿ 37 ಹರ್ಟ್ಜ್ ಬಹುತೇಕ ಮಾಯವಾಗುತ್ತದೆ.

ಮತ್ತೊಂದು ಉತ್ತರ:
ವಿಂಡೋಸಿನ ಮಿಕ್ಸರ್ ಎಲ್ಲ ಧ್ವನಿಯನ್ನೂ ಒಂದೇ ದರಕ್ಕೆ ಪರಿವರ್ತಿಸುತ್ತದೆ. ಫೂಬಾರ್2000 ಎಂಬ ಪ್ಲೇಯರಿನಲ್ಲಿ ವಾಸಾಪಿ ಎಕ್ಸ್‌ಕ್ಲೂಸಿವ್ (ಮಿಕ್ಸರನ್ನು ಬದಿಗಿಟ್ಟು ನೇರವಾಗಿ ಡ್ಯಾಕ್‌ಗೆ ಕಳಿಸುವ ವಿಧಾನ) ಆರಿಸಿದರೆ 44.1 ಹಾಗೆಯೇ ತಲುಪುತ್ತದೆ, ಆದರೆ ಕಿವಿಗೆ ವ್ಯತ್ಯಾಸ ತಿಳಿಯುವುದು ಅನುಮಾನ.

ಪ್ರಶ್ನಿಸಿದವರು:
ಸೋಫಾ ಸರಿಸಿದೆ, ಡಗ್ಗಾದ ಮೀಂಡ್ (ಸ್ವರದ ಜಾರು) ಈಗ ಸ್ಪಷ್ಟವಾಗಿದೆ. ಕೆಲವು ಆವರ್ತನಗಳಲ್ಲಿ ಉಳಿದ ಧ್ವನಿಯ ಉಬ್ಬನ್ನು ಈಕ್ವಲೈಸರಿನಿಂದ ತಗ್ಗಿಸಬಹುದೇ?

ಉತ್ತರ:
ಮೈಕಿನಿಂದ ಅಳೆದು ಉಬ್ಬನ್ನು ತಗ್ಗಿಸಿ. ಧ್ವನಿ ಕುಗ್ಗಿರುವ ಆವರ್ತನಗಳ ತಗ್ಗನ್ನು ತುಂಬಲು ಹೋದರೆ ಆಂಪ್ಲಿಫೈಯರಿನ ಶಕ್ತಿ ವ್ಯರ್ಥವಾಗುತ್ತದೆ, ತಗ್ಗು ಹಾಗೆಯೇ ಉಳಿಯುತ್ತದೆ.