ಸರ್ಪಸುತ್ತಿನ ಫಾರ್ವರ್ಡು, ಹಳೇಮನೆ ಗುಂಪಲ್ಲಿ ಜಗಳ

ರಮೇಶ ಚಿಕ್ಕಪ್ಪ: (ಫಾರ್ವರ್ಡ್) ಸರ್ಪಸುತ್ತಿಗೆ ಇಂಗ್ಲಿಷ್ ಔಷಧಿ ಬೇಡವೇ ಬೇಡ! ಕೆಮ್ಮಣ್ಣು ಕಲಸಿ ಹಚ್ಚಿ, ಮಂತ್ರ ಹಾಕಿಸಿ. ಹೆಡೆ-ಬಾಲ ಕೂಡಿದರೆ ಪ್ರಾಣಾಪಾಯ. ಎಲ್ಲರಿಗೂ ಕಳಿಸಿ 🙏

ಪವಿತ್ರಾ: ಚಿಕ್ಕಪ್ಪ, ಹಾವೂ ಇಲ್ಲ ಹೆಡೆಯೂ ಇಲ್ಲ. ಚಿಕ್ಕೋರಿದ್ದಾಗ ಅಮ್ಮ ಆಗಿರುತ್ತಲ್ಲ, ಆ ಚಿಕನ್‌ಪಾಕ್ಸ್ ವೈರಸ್ಸೇ ನರದ ಬುಡದಲ್ಲಿ ಮಲಗಿದ್ದು ವಯಸ್ಸಾದ ಮೇಲೆ ಏಳುತ್ತೆ.

ರಮೇಶ ಚಿಕ್ಕಪ್ಪ: ನಮ್ಮಜ್ಜಿಗೆ ಮಂತ್ರ ಹಾಕಿಸಿದ್ದಕ್ಕೇ ವಾಸಿಯಾಗಿದ್ದು. ನೀನಿನ್ನೂ ಹುಟ್ಟೇ ಇರ್ಲಿಲ್ಲ.

ವಿನಯ: ವಾಸಿಯಾದ ಮೇಲೂ ಸೆರಗು ಸೋಕಿದ್ರೆ ಉರಿ ಉರಿ ಅಂತಿದ್ರಂತೆ, ಸಾಯೋತನಕ. ಅಪ್ಪ ಹೇಳ್ತಿದ್ರು.

ಪವಿತ್ರಾ: ಅದೇ! ಗುಳ್ಳೆ 2ರಿಂದ 4 ವಾರಕ್ಕೆ ತಾನೇ ಒಣಗುತ್ತೆ, ಹೆಸರು ಮಂತ್ರಕ್ಕೆ. ನರದ ಉರಿ ಮಾತ್ರ ಕೆಲವರಿಗೆ ಉಳ್ಕೊಳ್ಳುತ್ತೆ.

ಸುಧಾ ಅತ್ತೆ: ನಂಗೂ ಎರಡು ತಿಂಗಳಿಗೊಮ್ಮೆ ಸರ್ಪಸುತ್ತು ಬರುತ್ತೆ ಕಣೇ. ಲಂಗದ ಲಾಡಿ ಕಟ್ಟೋ ಕಡೆ. ಮೆಡಿಕಲ್ ಸ್ಟೋರಿನ ಟ್ಯೂಬ್ ಹಚ್ಚಿದ್ರೆ ಹೋಗುತ್ತೆ, ಬಿಟ್ರೆ ಮತ್ತೆ.

ಪವಿತ್ರಾ: ನೋವೋ ತುರಿಕೆಯೋ ಅತ್ತೆ?

ಸುಧಾ ಅತ್ತೆ: ತುರಿಕೆ. ಉಂಗುರದ ಥರ, ಎರಡೂ ಕಡೆ.

ಪವಿತ್ರಾ: ಹಾಗಾದ್ರೆ ಹುಳುಕಡ್ಡಿ ಇರ್ಬೇಕು. ಸರ್ಪಸುತ್ತು ಬಹಳ ಜನಕ್ಕೆ ಜೀವಮಾನದಲ್ಲಿ ಒಂದೇ ಸಲ. ಅದೂ ಒಂದೇ ಪಕ್ಕ, ಬೆನ್ನಿಂದ ಹೊಟ್ಟೆಯ ನಡುವಿನವರೆಗೆ, ಒಂದು ನರದ ಹಾದಿ ಹಿಡಿದು. ನಡು ದಾಟಿ ಸುತ್ತೋದು ತೀರಾ ಅಪರೂಪ, ಸುತ್ತಿದ್ದಕ್ಕೇ ಯಾರೂ ಸಾಯಲ್ಲ. ನಿಮ್ಮ ಟ್ಯೂಬಲ್ಲಿ ಸ್ಟಿರಾಯ್ಡ್ ಇದ್ರೆ ತುರಿಕೆ ಅಡಗುತ್ತೆ, ಫಂಗಸ್ ಹಬ್ಬುತ್ತೆ. ಫೋಟೋ ನಂಗೊಬ್ಬಳಿಗೇ ಕಳ್ಸಿ, ಗುಂಪಿಗಲ್ಲ!!

ವಿನಯ: ದಯವಿಟ್ಟು 🙏

ಕಿರಣ: ನಂಗೆ ಬೆಳಗ್ಗೆ ದದ್ದು ಏಳುತ್ತೆ, ಸಂಜೆಗೆ ಮಾಯ.

ಪವಿತ್ರಾ: ಅದು ಪಿತ್ತದ ಗಂಧೆ ಇರ್ಬೇಕು. ಆಮೇಲೆ ಫೋನ್ ಮಾಡು.

ಲತಾ ಚಿಕ್ಕಮ್ಮ: ಪವೀ, ಇವರು ಹೇಳಲ್ಲ, ನಾನೇ ಹೇಳ್ತೀನಿ. ಮೊನ್ನೆಯಿಂದ ಬಲ ಪಕ್ಕೆ ಉರೀತಿತ್ತು. ಗ್ಯಾಸ್ ಅಂತ ಸೋಡಾ ಕುಡಿದ್ರು. ಇವತ್ತು ಬೆಳಗ್ಗೆ ನೋಡಿದ್ರೆ ಗುಳ್ಳೆ ಗೊಂಚಲು. ಈಗ ಕೆಮ್ಮಣ್ಣು ಬಳ್ಕೊಂಡು ಕೂತಿದ್ದಾರೆ.

ಪವಿತ್ರಾ: ಅಯ್ಯೋ ಚಿಕ್ಕಪ್ಪಾ! ಅದಕ್ಕಾ ಈ ಫಾರ್ವರ್ಡು? ಇವತ್ತೇ ಡಾಕ್ಟ್ರ ಹತ್ರ ಹೋಗಿ. ಗುಳ್ಳೆ ಎದ್ದ 72 ಗಂಟೆಯೊಳಗೆ ಅಸೈಕ್ಲೋವಿರ್ ಥರದ ಮಾತ್ರೆ ಶುರುವಾಗ್ಬೇಕು. ಕಿಡ್ನಿ ರಿಪೋರ್ಟ್ ತಗೊಂಡ್ಹೋಗಿ, ಡೋಸ್ ಅದನ್ನ ನೋಡೇ ಬರೀತಾರೆ. ಗುಳ್ಳೆ ಪೂರ್ತಿ ಒಣಗೋವರೆಗೂ ರಶ್ಮಿ ಮನೆ ಕಡೆ ಹೋಗ್ಬೇಡಿ. ಬಸುರಿ, ಅವಳಿಗೆ ಚಿಕನ್‌ಪಾಕ್ಸ್ ಆಗೇ ಇಲ್ಲ.

ರಮೇಶ ಚಿಕ್ಕಪ್ಪ: ನಾಳೆ ಕುಕ್ಕೆಗೆ ಟಿಕೆಟ್ ಆಗಿದೆಯಲ್ಲ.

ಪವಿತ್ರಾ: ಸುಬ್ರಹ್ಮಣ್ಯಸ್ವಾಮಿ ಅಲ್ಲೇ ಇರ್ತಾನೆ. ಮುಂದಿನ ತಿಂಗಳು ನಾನೇ ಕರ್ಕೊಂಡು ಹೋಗ್ತೀನಿ.

ಲತಾ ಚಿಕ್ಕಮ್ಮ: ಆಟೋ ಬಂತು. ಬನಿಯನ್ ತುಂಬಾ ಕೆಮ್ಮಣ್ಣು, ಡಾಕ್ಟ್ರು ಏನಂತಾರೋ.