ಆಯುಧಪೂಜೆಗೆ ತೊಳೆದ ಮೇಲೆ ಮಷಿನ್ ಮೂರು ಕೋಡ್ ತೋರಿಸುತ್ತಿದೆ, ಸೆನ್ಸರ್ ತರಿಸಲಾ?

ಪ್ರಶ್ನೆ (ಸುಂಟಿಕೊಪ್ಪದಿಂದ): ಅಣ್ಣಾ ನಮಸ್ಕಾರ. ನಮ್ಮದು 20 ಟನ್ನಿನ ಚೈನ್ ಮಷಿನ್ (ಮಣ್ಣು ಅಗೆಯುವ ಎಕ್ಸ್‌ಕವೇಟರ್). ಮಳೆಗಾಲ ಪೂರ್ತಿ ತೋಟದ ಶೆಡ್ಡಲ್ಲೇ ನಿಂತಿತ್ತು. ಆಯುಧಪೂಜೆಗೆ ಅಂತ ಪ್ರೆಶರ್ ಪಂಪ್ ಹಾಕಿ ಇಂಜಿನ್ ಬದಿಯೆಲ್ಲ ತೊಳೆದು ಹೂ ಹಾಕಿದೆವು. ಮಾರನೇ ದಿನ ಕೆಲಸಕ್ಕೆ ತೆಗೆದರೆ ಸ್ಟಾರ್ಟ್ ಆಗುತ್ತದೆ, ಆದರೆ ರೇಸ್ ಏರುವುದೇ ಇಲ್ಲ. ಬಕೆಟ್ ಮಣ್ಣಿಗೆ ಹಾಕಿದರೆ ಉಸಿರು ಕಟ್ಟಿದ ಹಾಗೆ ಮಾಡುತ್ತದೆ. ಡಿಸ್‌ಪ್ಲೇಯಲ್ಲಿ 100, 102, 157 ಅಂತ 3 ಕೋಡ್, ಮೂರರ ಪಕ್ಕದಲ್ಲೂ 4 ಇದೆ. ನೋಡಿದ ಮೆಕ್ಯಾನಿಕ್ ಮೂರೂ ಸೆನ್ಸರ್ ಹೋಗಿದೆ, ಮೈಸೂರಿಂದ ತರಿಸಬೇಕು ಅಂದರು. ತರಿಸಲಾ?

ಉತ್ತರ: ಬೇಡ, ಸ್ವಲ್ಪ ತಡೆಯಿರಿ. ಸಂಜೆ ತನಕ ಚೆನ್ನಾಗಿದ್ದ ಮೂರು ಸೆನ್ಸರ್ ಒಂದೇ ರಾತ್ರಿ ಒಟ್ಟಿಗೆ ಸಾಯುತ್ತವಾ? 100 ಅಂದರೆ ಆಯಿಲ್ ಪ್ರೆಶರ್, 102 ಟರ್ಬೋ ಗಾಳಿಯ ಪ್ರೆಶರ್, 157 ಕಾಮನ್ ರೈಲಿನ, ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಪೈಪಿನ, ಡೀಸೆಲ್ ಪ್ರೆಶರ್. ಇವು ಎಸ್‌ಪಿಎನ್ ನಂಬರ್, ಅಂದರೆ ತಕರಾರು ಯಾವುದರದ್ದು ಅಂತ ಹೇಳುವ ನಂಬರ್. ಜೆ1939 ಅನ್ನುವ, ದೊಡ್ಡ ಗಾಡಿಗಳ ಎಲೆಕ್ಟ್ರಾನಿಕ್ಸಿನ ಪದ್ಧತಿ ಬಳಸುವ ಯಾವ ಕಂಪನಿ ಇಂಜಿನ್ ಆದರೂ ಇದೇ ಅರ್ಥ. ಪಕ್ಕದ ನಂಬರ್ ಎಫ್‌ಎಂಐ, ಅಂದರೆ ತಕರಾರು ಯಾವ ಥರದ್ದು ಅಂತ ಹೇಳುವುದು, ನನ್ನ ಪ್ರಕಾರ ಮೊದಲು ನೋಡಬೇಕಾದ್ದೇ ಅದು. 3 ಇದ್ದರೆ ಸಿಗ್ನಲ್ ವೋಲ್ಟ್ ಜಾಸ್ತಿ, 4 ಇದ್ದರೆ ಕಡಿಮೆ, ಅಂದರೆ ಕರೆಂಟಿನ ತಕರಾರು. 0 ಅಥವಾ 1 ಇದ್ದರೆ ಸೆನ್ಸರ್ ಸರಿಯಾಗೇ ಅಳೆದು ಇಂಜಿನ್ನಿನಲ್ಲಿ ಏನೋ ಆಗಿದೆ ಅಂತ ಹೇಳುತ್ತಿರಬಹುದು.

ನಿಮ್ಮ ಮೂರೂ ಸೆನ್ಸರಿಗೆ ಮೂರು ಮೂರು ವೈರ್: 5 ವೋಲ್ಟ್, ಅರ್ತ್, ಸಿಗ್ನಲ್. ಆ 5 ವೋಲ್ಟನ್ನು ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಎಷ್ಟೋ ಸಲ ಒಂದೇ ಲೈನಿನಿಂದ ಹಂಚುತ್ತದೆ. ಒಂದು ಮನೆಯ ಹತ್ತಿರ ಪೈಪ್ ಒಡೆದರೆ ಆ ಸಾಲಿನ ಎಲ್ಲರ ನಲ್ಲಿಯಲ್ಲೂ ಗಾಳಿ ಬರುತ್ತದಲ್ವಾ, ಹಾಗೆ. ಒಂದು ಕಡೆ ಶಾರ್ಟ್ ಆದರೆ ಉಳಿದವೂ ಕೋಡ್ ಕೊಡುತ್ತವೆ. ರೈಲಿನ ಪ್ರೆಶರ್ ಎಷ್ಟಿದೆ ಅಂತ ಗೊತ್ತಾಗದೆ ಇಸಿಎಂ ಇಂಜಿನ್ ಉಳಿಸೋಕೆ ಪವರ್ ಇಳಿಸಿದೆ, ರೇಸ್ ಏರದಿರುವುದು ಅದಕ್ಕೇ.

ಆಯಿಲ್ ಪ್ರೆಶರ್ ಕೋಡ್ ಇರುವುದರಿಂದ ಮೊದಲು ಡಿಪ್‌ಸ್ಟಿಕ್ ನೋಡಿ. ಆಯಿಲ್ ಸರಿ ಇದ್ದರೂ ಮುಳ್ಳಿನ ಗೇಜ್ ಹಾಕಿ ನಿಜವಾದ ಪ್ರೆಶರ್ ಅಳೆಯಿರಿ, ಅಲ್ಲಿವರೆಗೆ ಮಷಿನ್ ಕೆಲಸಕ್ಕೆ ತೆಗೆಯಬೇಡಿ. ಆಮೇಲೆ ಕೀ ಆನ್, ಇಂಜಿನ್ ಆಫ್. ಒಂದು ಸೆನ್ಸರಿನ ಕಪ್ಲರ್ (ವೈರ್ ಸೇರಿಸುವ ಕನೆಕ್ಟರ್) ಬಿಚ್ಚಿ 5 ವೋಲ್ಟ್ ವೈರಿಗೂ ಅರ್ತಿಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಕಡಿಮೆ ಇದ್ದರೆ ಉಳಿದ ಕಪ್ಲರ್ ಒಂದೊಂದಾಗಿ ಬಿಚ್ಚುತ್ತಾ ಹೋಗಿ, ಯಾವುದನ್ನು ಬಿಚ್ಚಿದಾಗ 5ಕ್ಕೆ ಏರುತ್ತದೋ ಕಳ್ಳ ಅಲ್ಲೇ ಇದ್ದಾನೆ. ಎಲ್ಲ ಬಿಚ್ಚಿದರೂ ಏರದಿದ್ದರೆ ವೈರಿಂಗ್ ಹುಡುಕಬೇಕು. ಇಸಿಎಂ ಮೇಲೆ ಅನುಮಾನ ಕಟ್ಟಕಡೆಗೆ. ಮೀಟರಿನ ವೈರಿನ ಚೂಪು ತುದಿಯನ್ನು ಪಿನ್ ಒಳಗೆ ತುರುಕಬೇಡಿ, ಪಿನ್ ಅಗಲವಾಗಿ ಹೊಸ ತಲೆನೋವು ಶುರುವಾಗುತ್ತದೆ. ವೈರಿನ ಮೇಲೆ ಸೂಜಿ ಚುಚ್ಚಿ ನೋಡುವವರೂ ಇದ್ದಾರೆ, ನಮ್ಮ ಮಳೆಗೆ ಆ ಒಂದು ತೂತು ಸಾಕು, ಒಳಗೊಳಗೇ ತಾಮ್ರ ಹಸಿರಾಗುತ್ತದೆ.

ಪ್ರಶ್ನೆ (ಅವರೇ, ಸಂಜೆ): ಗೇಜಿನಲ್ಲಿ ಆಯಿಲ್ ಪ್ರೆಶರ್ ಚೆನ್ನಾಗಿದೆ ಅಣ್ಣಾ. ಟರ್ಬೋದ ಕಪ್ಲರಿನಲ್ಲಿ 1.8 ವೋಲ್ಟ್ ಇತ್ತು. ಆಯಿಲ್ ಪ್ರೆಶರಿನದ್ದು ಬಿಚ್ಚಿದ ತಕ್ಷಣ 4.98ಕ್ಕೆ ಹೋಯಿತು. ಹಾಗಾದರೆ ಅದೊಂದೇ ಸೆನ್ಸರ್ ತರಿಸಲಾ?

ಉತ್ತರ: ಅದೂ ಈಗಲೇ ಬೇಡ. ಕಪ್ಲರಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ನೀರು, ಹಸಿರು ಪುಡಿ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೂರ್ತಿ ಒಣಗಿಸಿ. ರಬ್ಬರ್ ಸೀಲ್ ಇದೆಯಾ ನೋಡಿ, ಇಲ್ಲದಿದ್ದರೆ ಮೊದಲು ಅದನ್ನು ಹಾಕಿ. ಮತ್ತೆ ಜೋಡಿಸಿದಾಗಲೂ 5 ಇಳಿದರೆ ಆಗ ಸೆನ್ಸರ್ ತರಿಸಿ.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಕೆಸರಿನಲ್ಲಿ ನಿಂತು ಕೆಲಸ ಮಾಡಿದ ಮಷಿನ್‌ಗಳು ನೆನಪಾಗುತ್ತವೆ. ಆಗ ಏನೂ ಆಗಲಿಲ್ಲ. ಎರಡು ಮೂರು ತಿಂಗಳು ಕಳೆದು ಬಿಸಿಲು ಬಂದ ಮೇಲೆ ಒಂದೊಂದಾಗಿ ಕೋಡ್ ಕೊಡೋಕೆ ಶುರು ಮಾಡಿದವು. ಒಳಗೆ ಸೇರಿದ ನೀರು ಅವಸರ ಮಾಡುವುದಿಲ್ಲ. ಶೆಡ್ಡಲ್ಲಿ ನಿಂತ ಮಷಿನ್ ಆದ್ದರಿಂದ ಇಲಿ ವೈರ್ ಕಡಿದಿದೆಯಾ ಅಂತಲೂ ಒಮ್ಮೆ ನೋಡಿಬಿಡಿ.

ಪ್ರಶ್ನೆ (ಭಾಗಮಂಡಲದಿಂದ): ಇದರ ಜೊತೆ ನನ್ನದೂ ಒಂದು. ನಮ್ಮ ಮಷಿನ್‌ನಲ್ಲಿ ಕೂಲೆಂಟ್ ಟೆಂಪರೇಚರ್ ಒಮ್ಮೊಮ್ಮೆ ಮೈನಸ್ 40 ತೋರಿಸುತ್ತದೆ. ಕೋಡ್ 110, ಪಕ್ಕದಲ್ಲಿ 3.

ಉತ್ತರ: ಭಾಗಮಂಡಲದಲ್ಲಿ ಎಷ್ಟೇ ಚಳಿ ಇದ್ದರೂ ಅಷ್ಟಿಲ್ಲ ಮಾರಾಯ್ರೇ! ಆ ಸೆನ್ಸರ್ ಬಿಸಿಯಾದಷ್ಟೂ ಓಮ್ಸ್ (ಕರೆಂಟಿಗೆ ಒಡ್ಡುವ ತಡೆ) ಇಳಿಯುವ ಜಾತಿ. ವೈರ್ ಕಟ್ ಆದರೆ ಓಮ್ಸ್ ಮಿತಿ ಇಲ್ಲದಷ್ಟು ಆಗುತ್ತದೆ, ಇಸಿಎಂಗೆ ಅದು ಹಿಮಾಲಯದ ಚಳಿ ಥರ ಕಾಣುತ್ತದೆ. ಕಪ್ಲರ್ ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್ನಿಗೆ ಸಣ್ಣ ವೈರ್ ಸೇರಿಸಿ ಕೋಡ್ ನೋಡಿ. 3 ಹೋಗಿ 4 ಬಂದರೆ ವೈರಿಂಗ್, ಇಸಿಎಂ ಎರಡೂ ಸರಿ, ತಪ್ಪು ಸೆನ್ಸರಿನದ್ದು ಅಥವಾ ಅದರ ಪಿನ್ನಿನದ್ದು. 3 ಹಾಗೇ ಉಳಿದರೆ ವೈರ್ ಎಲ್ಲೋ ತುಂಡಾಗಿದೆ. ಒಮ್ಮೊಮ್ಮೆ ಮಾತ್ರ ಬರುತ್ತದೆ ಅಂದಿರಲ್ಲ, ಹಾಗಾದರೆ ಒಬ್ಬರು ಡಿಸ್‌ಪ್ಲೇ ನೋಡುತ್ತಿರಲಿ, ಇನ್ನೊಬ್ಬರು ವೈರಿಂಗನ್ನು ಅಲ್ಲಲ್ಲಿ ಅಲ್ಲಾಡಿಸಲಿ. ಈ ಸೇರಿಸುವ ಪರೀಕ್ಷೆ 2 ವೈರಿನ ಟೆಂಪರೇಚರ್ ಸೆನ್ಸರಿಗೆ ಮಾತ್ರ, 3 ವೈರಿನದ್ದಕ್ಕೆ ಮಾಡಲೇಬೇಡಿ. ಇಂಜೆಕ್ಟರ್ ವೈರಿಗಂತೂ ಕೈ ಹಾಕಬೇಡಿ, ಅದರಲ್ಲಿ ಬರುವ ವೋಲ್ಟ್ ಶಾಕ್ ಹೊಡೆಯುವಷ್ಟಿರುತ್ತದೆ.

ಪ್ರಶ್ನೆ (ಸುಂಟಿಕೊಪ್ಪದವರು, ಮಾರನೇ ದಿನ): ಅಣ್ಣಾ, ಕಪ್ಲರ್ ಬಿಚ್ಚಿದರೆ ಒಳಗೆ ನೀರು, ಸೀಲೇ ಇರಲಿಲ್ಲ. ಒಣಗಿಸಿ ಸೀಲ್ ಹಾಕಿದ ಮೇಲೆ 5 ಇಳಿಯುತ್ತಿಲ್ಲ, ರೇಸ್ ಏರುತ್ತಿದೆ. ನಾಳೆ ಬಕೆಟ್ಟಿನ ಹಲ್ಲಿಗೆ ವೆಲ್ಡಿಂಗ್ ಇದೆ, ಅದಕ್ಕೇನಾದರೂ ನೋಡಬೇಕಾ?

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಬ್ಯಾಟರಿಯ ಎರಡೂ ವೈರ್ ತೆಗೆಯಿರಿ, ಇಸಿಎಂ ಕಪ್ಲರ್ ಕೂಡ ಬಿಚ್ಚಿಡಿ. ವೆಲ್ಡಿಂಗಿನ ಅರ್ತ್ ಕ್ಲ್ಯಾಂಪ್ ಬಕೆಟ್ಟಿಗೇ ಹಾಕಿಸಿ, ಚಾಸಿಗೆ ಬೇಡ.