ಖಾಲಿ ಹೊಟ್ಟೆಯಲ್ಲಿ ಜಿಮ್, ಬಿಸಿಎಎ ಕುಡಿದರೂ ತಾಕತ್ತು ಇಳಿಯುತ್ತಿದೆ

ಶಿರಸಿ_ಮಾಣಿ:
ತೂಕ 62 ಕೆಜಿ, ಸಸ್ಯಾಹಾರಿ. ರಾತ್ರಿ 8ಕ್ಕೆ ಊಟ ಮುಗಿದರೆ ಮರುದಿನ ಮಧ್ಯಾಹ್ನ 12ರವರೆಗೆ ಉಪವಾಸ. ಬೆಳಿಗ್ಗೆ 6ಕ್ಕೆ ಜಿಮ್. ಮಸಲ್ ಕರಗಬಾರದು ಅಂತ ಬಿಸಿಎಎ (ಅಮೈನೋ ಆಮ್ಲಗಳ) ಪುಡಿ ನೀರಿಗೆ ಹಾಕಿ ಕುಡಿಯುತ್ತೇನೆ. ಆದರೂ ಸ್ಕ್ವಾಟ್‌ನಲ್ಲಿ ಎತ್ತುವ ಭಾರ ಇಳಿಯುತ್ತಲೇ ಇದೆ. ಊಟ ಎರಡು ಹೊತ್ತೂ ಅನ್ನ, ತಂಬುಳಿ, ಅಪ್ಪೆಹುಳಿ, ಪಲ್ಯ. ಪುಡಿ ಜಾಸ್ತಿ ಮಾಡಬೇಕಾ?

ಕಾರವಾರ_ಕಡಲು:
ಬೇಡ, ಸುಮ್ನೆ ದುಡ್ಡು ದಂಡ. ಪ್ರೋಟೀನ್ ಕಟ್ಟುವ ತುಣುಕುಗಳೇ ಅಮೈನೋ ಆಮ್ಲಗಳು. ಅವುಗಳಲ್ಲಿ ಊಟದಿಂದಲೇ ಬರಬೇಕಾದವು 9, ಬಿಸಿಎಎಯಲ್ಲಿ ಇರುವುದು 3: ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಲ್ಯೂಸಿನ್ ಸ್ನಾಯುವಿಗೆ ಕಟ್ಟಲು ಶುರು ಮಾಡು ಅಂತ ಹೇಳುತ್ತದೆ, ನಿಜ. ಆದರೆ ಮೇಸ್ತ್ರಿ ಬಂದು ನಿಂತರೂ ಚಿರೇಕಲ್ಲು ಇಳಿಯದಿದ್ದರೆ ಗೋಡೆ ಏಳುವುದಿಲ್ಲ ಅಲ್ವಾ? ಹೊಟ್ಟೆ ಖಾಲಿ ಇರುವಾಗ ಉಳಿದ ಆರನ್ನು ದೇಹ ಮುಖ್ಯವಾಗಿ ಇದ್ದ ಸ್ನಾಯುವನ್ನೇ ಒಡೆದು ತರುತ್ತದೆ. ಅಲ್ಲದೆ ಆ ಪುಡಿಗೂ ಗ್ರಾಂಗೆ ಸುಮಾರು 4 ಕ್ಯಾಲೊರಿ ಇದೆ, ಹಾಗಾಗಿ ಅದು ಪೂರ್ತಿ ಉಪವಾಸವೂ ಅಲ್ಲ.

16 ಗಂಟೆ ಉಪವಾಸವೇ ತಪ್ಪು ಅಂತ ನಾನು ಹೇಳುವುದಿಲ್ಲ. ಭಾರ ಎತ್ತಿದ ಮೇಲೆ ಸ್ನಾಯುವಿನಲ್ಲಿ ಕಟ್ಟುವ ಕೆಲಸವೂ ಏರುತ್ತದೆ, ಒಡೆಯುವ ಕೆಲಸವೂ ಏರುತ್ತದೆ, ಪ್ರೋಟೀನ್ ಹೊಟ್ಟೆಗೆ ಬೀಳುವವರೆಗೆ ಒಡೆಯುವುದೇ ಮುಂದಿರುತ್ತದೆ. ನೀವು ಅದೇ ಸ್ಥಿತಿಯಲ್ಲಿ ಮಧ್ಯಾಹ್ನದವರೆಗೆ ಕೂರುತ್ತೀರಿ.

ಅದಕ್ಕಿಂತ ದೊಡ್ಡ ತೊಂದರೆ ಬಟ್ಟಲಲ್ಲಿದೆ. ಭಾರ ಎತ್ತುವವರಿಗೆ ದಿನಕ್ಕೆ ಕೆಜಿ ತೂಕಕ್ಕೆ 1.6 ಗ್ರಾಂ ಪ್ರೋಟೀನ್ ಒಳ್ಳೆಯ ಗುರಿ, ನಿಮಗೆ ಹತ್ತಿರ ಹತ್ತಿರ 100 ಗ್ರಾಂ. ಒಂದು ಕಪ್ ಅನ್ನದಲ್ಲಿ 4, ಒಂದು ಬಟ್ಟಲು ಮೊಸರಲ್ಲಿ 7, ಅಪ್ಪೆಹುಳಿಯಲ್ಲಿ ಏನೂ ಇಲ್ಲವೆಂದೇ ಲೆಕ್ಕ. ಅರ್ಧಕ್ಕೂ ಮುಟ್ಟುತ್ತಿಲ್ಲ.

ಜಿಮ್ ಸಂಜೆಗೆ ಹಾಕಿ, ಆಮೇಲೆ ರಾತ್ರಿ ಊಟ. ಬೆಳಿಗ್ಗೆಯೇ ಆಗಬೇಕೆಂದರೆ ಊಟದ ಹೊತ್ತನ್ನೇ ಬೆಳಿಗ್ಗೆ 8ರಿಂದ ಸಂಜೆ 4ಕ್ಕೆ ತನ್ನಿ. ಬಿಸಿಎಎ ಬದಲು ವೇ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ತಗೊಳ್ಳಿ, 25 ಗ್ರಾಂ ಪುಡಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್, ಒಂಬತ್ತೂ ಅದರಲ್ಲಿವೆ. ಪನೀರ್, ಹೆಸರುಕಾಳು, ಶೇಂಗಾ ಸೇರಿಸಿ. ಹುರುಳಿಕಟ್ಟು ಕುಡಿದು ಕಾಳು ದನಕ್ಕೆ ಹಾಕಬೇಡಿ, ಪ್ರೋಟೀನ್ ಇರುವುದು ಕಾಳಲ್ಲಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರ್ ಹತ್ತಿರ ಕೇಳಿ.

ಶಿರಸಿ_ಮಾಣಿ:
ಏಕಾದಶಿ ದಿನ ಪೂರ್ತಿ ಉಪವಾಸ ಇರುತ್ತೇನೆ. ಆಗ?

ಕಾರವಾರ_ಕಡಲು:
ಅವತ್ತು ಭಾರ ಎತ್ತಬೇಡಿ. ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೊಜನ್, ಸುಮಾರು 24 ಗಂಟೆಯಲ್ಲಿ ಖಾಲಿಯಾಗುತ್ತಾ ಬರುತ್ತದೆ, ಆಮೇಲೆ ಗ್ಲೂಕೋಸ್ ಮಾಡಲು ಸ್ನಾಯುವಿನ ಅಮೈನೋ ಆಮ್ಲವೂ ಹೋಗುತ್ತದೆ. ಒಂದು ದಿನಕ್ಕೆ ಹೋಗುವುದು ಅಷ್ಟೇನೂ ಇಲ್ಲ, ಹೆದರಬೇಡಿ. ಹಾಲು ಕುಡಿಯುವ ಪದ್ಧತಿ ಮನೆಯಲ್ಲಿದ್ದರೆ ಎರಡು ಲೋಟ ಕುಡಿಯಿರಿ. ದ್ವಾದಶಿ ಪಾರಣೆಯಲ್ಲಿ ಹೆಸರುಬೇಳೆ ಧಾರಾಳ ಇರಲಿ.

ಭಟ್ಕಳ_ಫಿಟ್:
ರಂಜಾನಿನಲ್ಲಿ ನಾವು ಇಫ್ತಾರ್ ಆದ ಮೇಲೆಯೇ ಜಿಮ್‌ಗೆ ಹೋಗುವುದು. ಸೆಹರಿಗೆ ಮೊಟ್ಟೆ, ಮೊಸರು ತಪ್ಪಿಸುವುದಿಲ್ಲ. ಹಗಲಿಡೀ ನೀರೂ ಕುಡಿಯದಿದ್ದರೂ ಎತ್ತುವ ಭಾರ ಇಳಿಯುವುದಿಲ್ಲ, ನಂಬಿ.

ಕಾರವಾರ_ಕಡಲು:
ಸರಿಯಾಗಿ ಹೇಳಿದಿರಿ. ಮಾಣಿ, ಒಂದು ತಿಂಗಳು ಹೀಗೆ ಮಾಡಿ ಸ್ಕ್ವಾಟ್ ಭಾರ ಬರೆಯಿರಿ. ಆಗಲೂ ಇಳಿದರೆ ವಿಟಮಿನ್ ಬಿ12 ಪರೀಕ್ಷೆ ಮಾಡಿಸಿ, ಸಸ್ಯಾಹಾರಿಗಳಲ್ಲಿ ಅದು ಕಮ್ಮಿ ಇರುವುದು ಜಾಸ್ತಿ.